ಸೇನೆಯ ಉಳಿಕೆ, ಪೊಲೀಸರ ಬಳಕೆ



ಸೇನೆಗೆ ಬೇಡವಾದ ಸಲಕರಣೆ ಊರಿನ ಪೊಲೀಸರ ಕೈಸೇರಿದರೆ ಏನಾಗುತ್ತದೆ? ಇದನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ಮಾಡಿ ನೋಡಿರುವ ದೇಶ ಅಮೆರಿಕ. ಹಾಗಾಗಿ ಇಂದಿನ ಚರ್ಚೆ ಅಲ್ಲಿಂದಲೇ ಆರಂಭವಾಗಲಿ.

ಮಾದಕವಸ್ತು ತಡೆಗೆಂದು 1990ರ ಸುಮಾರಿಗೆ ಶುರುವಾದ ಈ ವ್ಯವಸ್ಥೆಯನ್ನು 1997ನೇ ಹಣಕಾಸು ವರ್ಷದ ರಕ್ಷಣಾ ಕಾಯ್ದೆಯ 1033ನೇ ಕಲಮು ಕಾಯಂಗೊಳಿಸಿತು. ಭಯೋತ್ಪಾದನೆ ತಡೆಯನ್ನೂ ಸೇರಿಸಿತು. ಈವರೆಗೆ 700 ಕೋಟಿ ಡಾಲರಿಗೂ ಹೆಚ್ಚು ಮೂಲಬೆಲೆಯ ಸಾಮಾನು ಹಂಚಿಕೆಯಾಗಿದೆ. ಅದರಲ್ಲಿ ಕಂಬಳಿ, ಜನರೇಟರ್, ಮೇಜು ಕುರ್ಚಿಗಳಿವೆ. ರೈಫಲ್‌ಗಳೂ ಇರಾಕ್, ಅಫ್ಘಾನಿಸ್ತಾನಗಳ ನೆಲಬಾಂಬು ತಾಳಿಕೊಳ್ಳಲು ಕಟ್ಟಿದ ಕವಚ ವಾಹನಗಳೂ ಇವೆ. ಲಾಸ್ ಏಂಜಲೀಸಿನ ಶಾಲಾ ಪೊಲೀಸರಿಗೂ ಗ್ರೆನೇಡ್ ಲಾಂಚರ್ ಸಿಕ್ಕಿತ್ತು. ಟೀಕೆ ಬಂದ ಮೇಲೆ 2014ರಲ್ಲಿ ಹಿಂದಿರುಗಿಸಿದರು.

ಅದೇ ವರ್ಷ ಆಗಸ್ಟಿನಲ್ಲಿ ಮಿಸ್ಸೌರಿಯ ಫರ್ಗ್ಯುಸನ್‌ನಲ್ಲಿ ಮೈಕಲ್ ಬ್ರೌನ್ ಎಂಬ ಕಪ್ಪು ಯುವಕ ಪೊಲೀಸರ ಗುಂಡಿಗೆ ಬಲಿಯಾದ. ಪ್ರತಿಭಟನಕಾರರ ಎದುರು ಪೊಲೀಸರು ಕವಚ ವಾಹನಗಳೊಂದಿಗೆ ನಿಂತರು. ಅಲ್ಲಿ ಕಂಡದ್ದೆಲ್ಲ ಸೇನೆಯಿಂದ ಬಂದದ್ದಲ್ಲ. ಆದರೂ ಎಲ್ಲರ ಕಣ್ಣು ಈ ಯೋಜನೆಯತ್ತ ಹೊರಳಿತು. 2015ರಲ್ಲಿ ಒಬಾಮ ನಿರ್ಬಂಧ ಹಾಕಿದರು. 2017ರಲ್ಲಿ ಟ್ರಂಪ್ ತೆಗೆದರು. 2022ರಲ್ಲಿ ಬೈಡನ್ ಮತ್ತೆ ಬಿಗಿಗೊಳಿಸಿದರು. 2025ರಲ್ಲಿ ಟ್ರಂಪ್ ಅದನ್ನೂ ರದ್ದುಮಾಡಿದರು.

ಸಂಶೋಧಕರಲ್ಲೂ ಒಮ್ಮತವಿಲ್ಲ. ಸೇನಾ ಸಲಕರಣೆಯಿಂದ ಅಪರಾಧ ಇಳಿಯಿತೆಂದು 2017ರಲ್ಲಿ ಕೆಲವು ಅಧ್ಯಯನಗಳು ಹೇಳಿದವು. ಪೊಲೀಸರ ಕೈಯಲ್ಲಿ ಸಾಯುವವರು ಹೆಚ್ಚಿದರೆಂದು ಅದೇ ವರ್ಷ ಇನ್ನೊಂದು ಹೇಳಿತು. ಮೊದಲಿನವರು ನೆಚ್ಚಿದ ಅಂಕಿಅಂಶಗಳಲ್ಲೇ ದೋಷವಿದೆ, ಅಪರಾಧ ಇಳಿದದ್ದಕ್ಕೆ ಆಧಾರವಿಲ್ಲ ಎಂದು ನಂತರದ ವಿಶ್ಲೇಷಣೆಗಳು ತೋರಿಸಿದವು. ದಾಸ್ತಾನಿನ ಉಸ್ತುವಾರಿಯೂ ಸಡಿಲವಾಗಿತ್ತು. 2017ರಲ್ಲಿ ಸರ್ಕಾರಿ ಲೆಕ್ಕಪರಿಶೋಧಕರೇ ಪರೀಕ್ಷೆಗೆಂದು ಇಲ್ಲದ ಇಲಾಖೆಯೊಂದರ ಹೆಸರಿನಲ್ಲಿ ಅರ್ಜಿ ಹಾಕಿ, ಸುಮಾರು 12 ಲಕ್ಷ ಡಾಲರ್ ಬೆಲೆಯ ಸಲಕರಣೆ ಪಡೆದರು.

ನನ್ನ ದೃಷ್ಟಿಯಲ್ಲಿ ಮೂಲ ತೊಡಕು ಆಯುಧದಲ್ಲಿಲ್ಲ, ಅದು ಪುಕ್ಕಟೆ ಬರುವುದರಲ್ಲಿದೆ. ಕೊಂಡುಕೊಳ್ಳುವ ವಸ್ತುವಾದರೆ ಬಜೆಟ್ ಸಭೆಯಲ್ಲಿ ಚುನಾಯಿತ ಸದಸ್ಯರು ‘ಏಕೆ ಬೇಕು?’ ಎಂದು ಕೇಳುತ್ತಾರೆ. ಸಾಗಣೆ, ನಿರ್ವಹಣೆಯ ಖರ್ಚಷ್ಟೇ ಬೀಳುವ ವಸ್ತು ಆ ಪ್ರಶ್ನೆಯನ್ನು ದಾಟಿ ಬಂದುಬಿಡುತ್ತದೆ. ಪಡೆದದ್ದನ್ನು ಒಂದು ವರ್ಷದೊಳಗೆ ಬಳಕೆಗೆ ತರಬೇಕೆಂಬ ನಿಯಮ ಬೇರೆ. ವಸ್ತು ಮೊದಲು ಬಂದು, ಕೆಲಸವನ್ನು ಆಮೇಲೆ ಹುಡುಕುವ ಅಪಾಯ ಇಲ್ಲಿದೆ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮ ಗಾದೆ ಗೇಲಿ ಮಾಡುತ್ತದೆ. ಈ ದಟ್ಟಿಗೆ ಮಾತ್ರ ಮೊಳ ಹಾಕಲೇಬೇಕು, ಅದೂ ಹಿತ್ತಲಲ್ಲಲ್ಲ, ತುಂಬಿದ ಸಭೆಯಲ್ಲಿ.

ಪ್ರವಾಹದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಎತ್ತರದ ಸೇನಾ ಲಾರಿ ಬೇಕಾದೀತು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದ್ದರಿಂದ ಬೇಕೋ ಬೇಡವೋ ಎಂಬ ವಾದಕ್ಕೇ ನಿಲ್ಲದೆ, ಯಾವ ವಸ್ತು, ಯಾವ ಕೆಲಸಕ್ಕೆ, ಯಾರ ಒಪ್ಪಿಗೆಯಿಂದ, ಯಾರು ಲೆಕ್ಕ ಕೇಳುವ ಕರಾರಿನ ಮೇಲೆ ಎಂಬ ಪ್ರಶ್ನೆಗಳಿಗೆ ಈ ವಿಚಾರ ಸಂಕಿರಣದ ಪ್ರಬಂಧಗಳು ಉತ್ತರ ಹುಡುಕಲಿ ಎಂದು ಕೋರುತ್ತೇನೆ.