ಒಡಂಬಡಿಕೆಗೆ ಮೂರನೆಯ ಸಹಿ

ಪ್ರೀತಿಯ ಪದವೀಧರರೇ,

ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೇರಿಸಲು ಹತ್ತಿರದ ಬಂದರು ಬೇಕೆಂದು ಮ್ಯಾಂಚೆಸ್ಟರಿನ ಗಿರಣಿಯವರು ಹಟ ಹಿಡಿದರು. ಆ ಒತ್ತಡದಿಂದಲೇ 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು, ಕಾರವಾರ ಬೆಳೆಯಿತು. ಆ ಮಾತುಕತೆಯಲ್ಲಿ ಇಲ್ಲಿನ ಜನ ಇರಲಿಲ್ಲ. ಇದು ಹಳೆಯ ಕತೆ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಈ ಕಡಲಂಚಿಗೆ ಉದ್ಯಮ ಬಂದಾಗಲೆಲ್ಲ ಮೊದಲು ಏಳಬೇಕಾದ ಪ್ರಶ್ನೆ ಅದೇ: ಮಾತುಕತೆಯಲ್ಲಿ ಯಾರಿದ್ದಾರೆ?

ದೇಶ ಕಟ್ಟುವ ಕೆಲಸಕ್ಕೆ ಕಾರವಾರ, ಅಂಕೋಲೆ ಈ ಎರಡು ತಾಲ್ಲೂಕುಗಳು ಕೊಟ್ಟದ್ದು ಕಡಿಮೆಯಲ್ಲ. ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲ ಘಟಕ 2018ರ ಕೊನೆಯವರೆಗೆ ಸತತ 962 ದಿನ ನಡೆದು ಆಗಿನ ವಿಶ್ವದಾಖಲೆ ಮುರಿಯಿತು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಯೋಜನೆಗೆ ಕಾರವಾರ, ಅಂಕೋಲೆಯ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ಕಡಲತೀರ ಬಿಟ್ಟುಕೊಟ್ಟವು. ಆ ಮನೆಗಳ ಮೊಮ್ಮಕ್ಕಳು ಇಂದು ಈ ಸಭಾಂಗಣದಲ್ಲಿ ಇದ್ದೀರಿ. ಇಷ್ಟು ಕೊಟ್ಟ ಊರಿನ ಕಾಲೇಜುಗಳಿಗೂ ಈ ದೊಡ್ಡ ಸಂಸ್ಥೆಗಳಿಗೂ ನಡುವೆ ಓಡಾಟ ಇನ್ನೂ ಸಾಲದು ಎಂಬುದು ನನ್ನ ನೋವು.

ವಿದ್ಯೆ ಮತ್ತು ಉದ್ಯಮ ಕೂಡಿ ಏನು ಮಾಡಬಹುದೆಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುವಾಯಿತು. ಎರಡೇ ವರ್ಷಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗ ತೆರೆಯಿತು. ಅಲ್ಲಿ ಕಲಿಸುತ್ತಿದ್ದ ವಿ.ಎಂ. ಘಾಟಗೆಯವರೇ ಮುಂದೆ ಕಾರ್ಖಾನೆಯಲ್ಲಿ ಎಚ್‌ಟಿ-2 ತರಬೇತಿ ವಿಮಾನ ರೂಪಿಸಿದರು.

ಅದು ಬೆಂಗಳೂರು ಎನ್ನಬೇಡಿ. ಕಾರವಾರದ ಕಡಲನ್ನೇ ನೋಡಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೇ ಊರಿನಲ್ಲಿದೆ. ಆ ಕೇಂದ್ರದ ವಿಜ್ಞಾನಿಗಳು ಕಡಲಲ್ಲಿ ಪಂಜರ ಕಟ್ಟಿ ಸೀಬಾಸ್, ಕೋಬಿಯಾದಂಥ ಮೀನು ಸಾಕುವ ಕೃಷಿಯನ್ನು ಇಲ್ಲೇ ಬೆಳೆಸಿದರು. ದುಬಾರಿ ಪಂಜರ ನಮ್ಮ ಮೀನುಗಾರರ ಕೈಗೆಟುಕದು. ಹಾಗಾಗಿ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ ಕಬ್ಬಿಣದ ಪೈಪು, ತೇಲಲು ಪ್ಲಾಸ್ಟಿಕ್ ಡ್ರಮ್ಮು, ಸುತ್ತ ಬಲೆ, ಇಷ್ಟರಲ್ಲೇ ಅಗ್ಗದ ಪಂಜರ ಮಾಡಿದರು. ಯಾವ ತಿಂಗಳು ಕಡಲು ಮುನಿಯುತ್ತದೆ, ಸೆಳೆತ ಎಲ್ಲಿ ಜೋರು ಎಂದು ಬಲ್ಲವರು ಮೀನುಗಾರರು. ಮರಿ ಮಾಡಿಸುವುದು, ರೋಗ ಗುರುತಿಸುವುದು ವಿಜ್ಞಾನಿಗಳ ವಿದ್ಯೆ. ಇವೆರಡೂ ಸೇರಿದ್ದರಿಂದಲೇ ಪಂಜರ ನಿಂತಿತು. ಇನ್ನು ಮರಿ ಪೂರೈಕೆ, ಮೇವು, ಮಂಜುಗಡ್ಡೆ, ವಿಮೆ, ಮಾರುಕಟ್ಟೆ ಇವೆಲ್ಲ ಉದ್ಯಮದ ಪಾಲಿನ ಕೆಲಸ. ಅದನ್ನು ನಿಮ್ಮಲ್ಲಿ ಕೆಲವರಾದರೂ ಕೈಗೆತ್ತಿಕೊಳ್ಳಿ.

ಅಂಕೋಲೆಯ ಕರಿ ಇಶಾಡ ಮಾವನ್ನು ನೆನೆಯಿರಿ. ತೆಳು ಸಿಪ್ಪೆ, ತುಂಬು ರಸ; ಆದರೆ ಬೇಗ ಹಾಳಾಗುವ ಹಣ್ಣು. ದೂರ ಕಳಿಸಲಾಗದ್ದರಿಂದಲೇ ರಸ ತೆಗೆದು ಡಬ್ಬಿ ತುಂಬುವ ಕಸುಬು ಇಲ್ಲಿ ಬೆಳೆಯಿತು. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಮಾನ್ಯತೆ ಕಾಗದದಲ್ಲಿದ್ದರೆ ಹೊಟ್ಟೆ ತುಂಬದು. ಹಣ್ಣನ್ನು ಇನ್ನೂ ನಾಲ್ಕು ದಿನ ಉಳಿಸುವುದು ಹೇಗೆ? ಇದಕ್ಕೆ ರಸಾಯನಶಾಸ್ತ್ರ, ವಾಣಿಜ್ಯ, ಎಂಜಿನಿಯರಿಂಗ್ ಮೂರೂ ಬೇಕು.

ಕಾಲೇಜುಗಳಿಗೂ ಒಂದು ಮಾತು. ಔಪಚಾರಿಕ ಪದವಿಯಿಲ್ಲದಿದ್ದರೂ ದೀರ್ಘ ಅನುಭವವಿರುವವರನ್ನು ಪ್ರಾಧ್ಯಾಪಕರಾಗಿ ಕರೆಯಬಹುದೆಂದು ಯುಜಿಸಿ 2022ರಲ್ಲೇ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ ತಂದಿದೆ. ಕಂಪನಿಯ ದೊಡ್ಡ ಅಧಿಕಾರಿಗಳು ಬರಲಿ, ಬೇಡವೆನ್ನೆ. ಅವರ ಪಕ್ಕದಲ್ಲೇ ಬಲೆ ಬಲ್ಲವರು, ಬೀಜ ಬಲ್ಲವರು ಕೂರಬೇಕು. ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ; ಯಾವ ಮರದ ಬೀಜ ಯಾವಾಗ ಆರಿಸಬೇಕೆಂಬುದರಲ್ಲಿ ಅವರಿಗೆ ಸಾಟಿಯಿರಲಿಲ್ಲ. ಪದ್ಮಶ್ರೀ ಬಂತು, ಗೌರವ ಬಂತು. ತರಗತಿಯಲ್ಲಿ ಪಾಠ ಹೇಳಲು ಅವರನ್ನು ವರ್ಷಗಟ್ಟಲೆ ಕರೆಯಬೇಕಿತ್ತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ಅವಕಾಶ ಮುಗಿಯಿತು.

ಈಗ ಕಷ್ಟದ ಮಾತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು, ಜೀವಗಳು ಹೋದವು. ಕೇಣಿಯಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ಬೀದಿಗಿಳಿದರು. ಗುಡ್ಡ ಕಡಿಯುವ ಮುನ್ನ, ಕಡಲು ತುಂಬುವ ಮುನ್ನ ಅಧ್ಯಯನ ನಡೆಯಬೇಕು. ಅದನ್ನು ವಿಶ್ವವಿದ್ಯಾಲಯ ಮಾಡಬೇಕು. ಹಣ ಕಂಪನಿ ಕೊಡಲಿ, ತೀರ್ಮಾನ ಬರೆಯುವ ಹಕ್ಕು ವಿದ್ವಾಂಸರಿಗಿರಲಿ, ವರದಿ ಕನ್ನಡದಲ್ಲಿ ಪಂಚಾಯಿತಿಯ ಮುಂದೆ ಬರಲಿ. ಹಣ ಕೊಟ್ಟವನಿಗೆ ಬೇಕಾದ ಉತ್ತರ ಬರೆದುಕೊಡುವುದನ್ನು ಸಹಯೋಗ ಎಂದು ನಾನು ಕರೆಯಲಾರೆ. ವಿಶ್ವವಿದ್ಯಾಲಯ ಮತ್ತು ಕಂಪನಿಯ ಒಡಂಬಡಿಕೆಯಲ್ಲಿ ಎರಡು ಸಹಿ ಇರುತ್ತವೆ. ಆ ನೆಲ, ಆ ನೀರನ್ನು ನಂಬಿ ಬದುಕುವವರದು ಮೂರನೆಯ ಸಹಿಯಾಗಬೇಕು.

ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು, 1966ರಲ್ಲಿ ಅಂಕೋಲೆಗೆ ಗೋಖಲೆ ಶತಾಬ್ದಿ ಕಾಲೇಜು ಬಂತು. ಬಡವರ ಮಕ್ಕಳು ಓದಲೆಂದು ಕಟ್ಟಿದ ಸಂಸ್ಥೆಗಳ ಫಲ ನೀವು. ಬೆಂಗಳೂರಿಗೋ ಪುಣೆಗೋ ಹೋಗುವವರು ಧೈರ್ಯವಾಗಿ ಹೋಗಿ; ಅಲ್ಲಿ ನೀವು ಸೇರುವ ಕಂಪನಿಯ ಒಬ್ಬರನ್ನಾದರೂ ನಿಮ್ಮ ಕಾಲೇಜಿಗೆ ಕರೆತನ್ನಿ, ಒಬ್ಬ ತಮ್ಮನಿಗೋ ತಂಗಿಗೋ ಅಲ್ಲಿ ತರಬೇತಿ ಕೊಡಿಸಿ. ಇಲ್ಲೇ ಉಳಿಯುವವರು ಮುಂದಿನ ಒಡಂಬಡಿಕೆಗೆ ಸಹಿ ಬೀಳುವ ಮುನ್ನ ಅದನ್ನು ಓದಿ, ಊರಿಗೆ ಓದಿ ಹೇಳಿ, ಪ್ರಶ್ನೆ ಕೇಳಿ. ನಿಮಗೆಲ್ಲ ಒಳ್ಳೆಯದಾಗಲಿ.