ಪರಸ್ಥಳದ ಹೊಳೆಗೆ ಗಾಳ ಹೊತ್ತು

ಮೀನು ಹಿಡಿಯುವುದನ್ನು ವಿನೋದವೆಂದು ಕರೆದು ಅದಕ್ಕೆ ಶಾಸ್ತ್ರದ ಮರ್ಯಾದೆ ತಂದವರಲ್ಲಿ ನಮ್ಮ ನಾಡಿನ ಅರಸನೊಬ್ಬನಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕ ಭಾಗವೇ ಇದೆ. ಮೀನುಗಳ ಜಾತಿ, ಅವು ಮೆಚ್ಚುವ ಆಹಾರ, ಗಾಳ, ದಾರ, ಕೋಲು ಎಲ್ಲದರ ವಿಚಾರವೂ ಅಲ್ಲಿ ಬರುತ್ತದೆ. ಪರವಾನಗಿಯನ್ನು ಯಾರಲ್ಲಿ ಕೇಳಬೇಕೆಂಬ ಪ್ರಶ್ನೆಯೊಂದು ಮಾತ್ರ ಅರಸನಿಗೆ ಎದುರಾಗಿರಲಾರದು. ನನ್ನಂಥವನಿಗೆ ಮೊದಲು ಎದುರಾದದ್ದೇ ಅದು.

ನಾನು ಮೈಸೂರಿನವನು. ಕಾವೇರಿಯ ಕೆಲವು ಮಡುಗಳ ಪರಿಚಯ ನನಗುಂಟು. ಕಳೆದ ಚಳಿಗಾಲಕ್ಕೆ ಮುನ್ನ ಹೊನ್ನಾಳಿಯ ಕಡೆಗೆ ವರ್ಗವಾಗಿ ಹೋದ ಮಿತ್ರರೊಬ್ಬರು, ತುಂಗಭದ್ರೆಯಲ್ಲಿ ಎರಡು ದಿನ ಗಾಳ ಹಾಕೋಣ, ಬನ್ನಿ ಎಂದು ಬರೆದರು. ಅವರ ಹತ್ತು ವರ್ಷದ ಮಗನೂ ನಮ್ಮೊಡನೆ ಬರುವವನಿದ್ದ. ಹೊಳೆಯ ನಡುವಿನ ಹಾಸುಬಂಡೆಯ ಮೇಲೆ ಕುಳಿತೇ ಗಾಳ ಹಾಕಬೇಕೆಂಬುದು ಅವನ ಹಟವಂತೆ. ಕಾಗದದ ಕೊನೆಯಲ್ಲಿದ್ದ ಈ ಒಂದು ಸಾಲು ನನ್ನ ಸಿದ್ಧತೆಯ ದಿಕ್ಕನ್ನೇ ಬದಲಿಸಿತು.

ಚಳಿಗಾಲದ ಹೊಳೆ ನೋಡುವುದಕ್ಕೆ ಬಲು ಸಾಧು. ಮಳೆಯ ಕೆಂಪು ಇಳಿದು ನೀರು ತಿಳಿಯಾಗಿರುತ್ತದೆ. ಬಂಡೆಗಳು ಮೈ ಕಾಣಿಸುತ್ತವೆ. ಮರಳಿನ ದಿಣ್ಣೆಗಳು ಕೈಬೀಸಿ ಕರೆಯುತ್ತವೆ. ಆದರೆ ಕೂಡಲಿಯಲ್ಲಿ ಸಂಗಮಿಸಿ ಹೊನ್ನಾಳಿಯತ್ತ ಸಾಗುವ ಈ ನೀರು ತನ್ನಿಚ್ಛೆಯಂತೆ ಹರಿಯುವುದಲ್ಲ. ತುಂಗೆಗೆ ಗಾಜನೂರಿನಲ್ಲಿ ಕಟ್ಟೆ, ಭದ್ರೆಗೆ ಲಕ್ಕವಳ್ಳಿಯಲ್ಲಿ ಜಲಾಶಯ. ಮುಂಗಾರಿನ ಬೆಳೆ ಮುಗಿದ ಮೇಲೆ ನಾಲೆಗಳಿಗೆ ನೀರು ನಿಲ್ಲಿಸುತ್ತಾರೆ. ಬೇಸಿಗೆ ಬೆಳೆಗೆ ಮತ್ತೆ ಬಿಡುತ್ತಾರೆ. ಕೆಳಗಿನ ಊರುಗಳಲ್ಲಿ ಕುಡಿಯುವ ನೀರಿಗೆ ಕೂಗೆದ್ದಾಗ ಹೊಳೆಯ ಪಾತ್ರಕ್ಕೂ ಬಿಡುವುದುಂಟು. ಆ ದಿನ ಆಕಾಶದಲ್ಲಿ ಮೋಡದ ಚೂರಿರುವುದಿಲ್ಲ, ಗುಡುಗಿನ ಸದ್ದಿರುವುದಿಲ್ಲ. ನೀರು ಮಾತ್ರ ಏರುತ್ತದೆ. ನಡುಹೊಳೆಯ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕುಳಿತವನಿಗೆ, ತಾನು ದಾಟಿ ಬಂದ ಮೊಣಕಾಲುದ್ದದ ಕವಲು ಸೊಂಟದ ಮಟ್ಟಕ್ಕೆ ಬಂದದ್ದು ತಿಳಿಯುವುದು ಹಿಂತಿರುಗುವ ಹೊತ್ತಿಗೇ.

ಆದ್ದರಿಂದ ಗಾಳದ ಪೆಟ್ಟಿಗೆಯನ್ನು ತೆರೆಯುವ ಮೊದಲು ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಸುದ್ದಿಯ ಪುಟಗಳನ್ನು ಒಂದು ತಿಂಗಳು ತಪ್ಪದೆ ಓದಿದೆ. ನಾಲೆಗೆ ನೀರು ಬಿಡುವ ದಿನಾಂಕವನ್ನು ಸಭೆ ಸೇರಿ ನಿರ್ಧರಿಸುತ್ತಾರೆ. ನದಿಗೆ ಬಿಡುವಾಗ ಪಾತ್ರದ ಜನ ನೀರಿಗಿಳಿಯಬಾರದೆಂಬ ಎಚ್ಚರಿಕೆಯೂ ಅಚ್ಚಾಗುತ್ತದೆ. ಪಟ್ಟಣಿಗರು ಕಣ್ಣು ಹಾಯಿಸದೆ ಪುಟ ಮಗುಚುವ ಇಂಥ ಮೂರು ಸಾಲಿನ ಪ್ರಕಟಣೆ, ಪರಸ್ಥಳದ ಹೊಳೆಗೆ ಹೊರಟವನಿಗೆ ಪಂಚಾಂಗಕ್ಕಿಂತ ಮುಖ್ಯ. ಹಳೆಯ ಗಾಳದ ಗ್ರಂಥಗಳಲ್ಲಿ ಇದನ್ನು ಹುಡುಕಿ ಫಲವಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ, ಲಕ್ಕವಳ್ಳಿಯ ಕಟ್ಟೆ ಯಾರ ಕನಸಿನಲ್ಲಿಯೂ ಇರಲಿಲ್ಲ.

ಇನ್ನು ಪರವಾನಗಿಯ ಮಾತು. ಹೊಳೆ ಎಲ್ಲರದೂ ಎಂಬುದು ಕವಿಗಳ ಮಾತು. ನದಿಯ ಭಾಗಗಳನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೋ ಪರವಾನಗಿಗೋ ಒಪ್ಪಿಸಿರುತ್ತದೆ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನುಗಳಿವೆ. ಅವಕ್ಕೆ ಮಂಡಕ್ಕಿ ಹಾಕಬಹುದು, ಗಾಳ ಹಾಕುವಂತಿಲ್ಲ. ಅಭಯಾರಣ್ಯಗಳದ್ದು ಬೇರೆಯೇ ಕಟ್ಟುಪಾಡು. ಭೀಮೇಶ್ವರಿಯ ಸುತ್ತ ದೇಶವಿದೇಶದವರು ಬಂದು ಬಿಳಿಮೀನು ಹಿಡಿದು ಮರಳಿ ನೀರಿಗೆ ಬಿಡುತ್ತಿದ್ದ ಕ್ರೀಡೆ 2010ರ ನಂತರದ ವರ್ಷಗಳಲ್ಲಿ ನಿಂತಿತು. ಕಾವೇರಿಯ ಆ ಗೂನುಬೆನ್ನಿನ ಬಿಳಿಮೀನು ಅಳಿವಿನ ಅಂಚಿನಲ್ಲಿದೆಯೆಂದು 2018ರಲ್ಲಿ ಜಾಗತಿಕ ಪಟ್ಟಿಗೂ ಸೇರಿತು. ಮೀನೇ ಇಲ್ಲದ ಮೇಲೆ ಕ್ರೀಡೆಯೆಲ್ಲಿಯದು ಎನ್ನುವವರೂ ಉಂಟು. ಗಾಳದವರ ಕಾವಲಿದ್ದುದರಿಂದಲೇ ಅಷ್ಟು ಕಾಲ ಉಳಿದಿತ್ತು ಎನ್ನುವವರೂ ಉಂಟು. ನನ್ನ ಒಲವು ಎರಡನೆಯವರ ಕಡೆಗೆ. ಆದರೂ ನಿಯಮ ನಿಯಮವೇ.

ನಾನು ಮಿತ್ರರ ಮೂಲಕ ಊರಿನ ಬೆಸ್ತರ ಹಿರಿಯರೊಬ್ಬರಿಗೆ ಹೇಳಿಕಳಿಸಿದೆ. ಹೊಳೆಯ ಆ ಭಾಗ ಅವರ ಕಡೆಯವರ ಕೈಯಲ್ಲಿತ್ತು. ಒಂದು ದಿನ ಮೊದಲೇ ಹೋಗಿ ಅವರನ್ನು ಕಂಡೆ. ಹರಿಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದರು.

“ಅಜ್ಜಾರೇ, ಬಲೆ ಹಾಕುವುದಿಲ್ಲ, ಗಾಳ ಮಾತ್ರ. ನಿಮ್ಮ ಒಪ್ಪಿಗೆ ಬೇಕು” ಎಂದೆ.

“ಗಾಳ ತಾನೇ, ಹಾಕ್ರಿ ಸಾರ್. ನಾವು ಬಲೆ ಬಿಟ್ಟ ಕಡೆ ಮಾತ್ರ ಬರಬ್ಯಾಡ್ರಿ, ಬಲೆ ಹರೀತದೆ” ಎಂದರು. ಸ್ವಲ್ಪ ತಡೆದು, “ಹೊಳಿಗೆ ಎರಡು ಮಳೆ ಸಾರ್. ಒಂದು ಮ್ಯಾಲಿಂದ ಬರ್ತದೆ, ಇನ್ನೊಂದು ಡ್ಯಾಮಿಂದ. ಹುಡುಗನ್ನ ಬಂಡಿ ಮ್ಯಾಲೆ ಬಿಡಬ್ಯಾಡ್ರಿ” ಎಂದರು. ಹುಡುಗನ ಹಟ ಅವರ ಕಿವಿಗೂ ಬಿದ್ದಿತ್ತೆಂದು ತೋರುತ್ತದೆ.

ಅವರಿಂದ ಕಲಿತದ್ದು ಇನ್ನಷ್ಟಿದೆ. ನಮ್ಮ ಕಡೆಯವರು ನಸುಕಿನಲ್ಲೇ ಎದ್ದು ಮಂಜಿನಲ್ಲಿ ನಡುಗುತ್ತ ಗಾಳ ಹಾಕುವುದನ್ನು ಒಂದು ವ್ರತವೆಂಬಂತೆ ಪಾಲಿಸುತ್ತಾರೆ. ಅವರು ಕೇಳಿ ನಕ್ಕರು. ಮೀನಿನ ಮೈಬಿಸಿ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ನೀರು ತಣ್ಣಗಾದಂತೆ ಅದರ ಜೀರ್ಣಶಕ್ತಿ ಕುಗ್ಗುತ್ತದೆ, ಹಸಿವೂ ಮಂದವಾಗುತ್ತದೆ. ಪುಷ್ಯಮಾಸದ ರಾತ್ರಿಯಲ್ಲಿ ಅದು ಆಳದ ಮಡುವಿನಲ್ಲಿ ಅಲುಗಾಡದೆ ನಿಲ್ಲುತ್ತದೆ. ಬಿಸಿಲೇರಿ ದಡದ ತೆಳುನೀರು ಬೆಚ್ಚಗಾದ ಮೇಲೆ ಅತ್ತ ಹೊರಳುತ್ತದೆ. ಹತ್ತು ಗಂಟೆಗೆ ಮೊದಲು ಗಾಳ ಬಿಚ್ಚಬೇಡಿ, ಮಡು ಮುಗಿದು ನೀರು ಹರಡಿಕೊಳ್ಳುವ ಅಂಚಿನಲ್ಲಿ ಕೂರಿ ಎಂದರು. ಆ ಅಂಚು ದಡಕ್ಕೆ ಅಂಟಿಕೊಂಡೇ ಇತ್ತು. ನಡುಬಂಡೆಯ ಆಸೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆದಿರಲಿಲ್ಲ. ಮೀನು ಅಲ್ಲಿಲ್ಲ, ಇಲ್ಲಿದೆ ಎಂದರೆ ಯಾವ ಹುಡುಗ ಒಪ್ಪುವುದಿಲ್ಲ!

ಸಾಮಗ್ರಿಯ ವಿಷಯದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಎರೆಹುಳು ಅಲ್ಲೇ ತೋಟದಲ್ಲಿ ಸಿಕ್ಕಿತು. ಗಟ್ಟಿಯಾಗಿ ಬೇಯಿಸಿದ ರಾಗಿಯ ಉಂಡೆಯನ್ನು ಮೈಸೂರಿನಿಂದಲೇ ಕಟ್ಟಿಕೊಂಡು ಹೋಗಿದ್ದೆ.

ಮರುದಿನ ಹುಡುಗನಿಗೆ ಒಂದು ಕೆಲಸ ವಹಿಸಿದೆವು. ನೀರಂಚಿನಲ್ಲಿ ಬಿಳಿಯ ಕಲ್ಲೊಂದನ್ನು ಇಟ್ಟು, ಅದರ ಬುಡ ನೆನೆದರೆ ಕೂಗಬೇಕು ಎಂದೆವು. ನೀರಿನಲ್ಲಿ ತರಗೆಲೆ, ಕಡ್ಡಿ ತೇಲತೊಡಗಿದರೂ, ತಿಳಿನೀರು ಮಸುಕಾದರೂ ಹೇಳಬೇಕು. ಹನ್ನೊಂದರ ಸುಮಾರಿಗೆ ಬೆಂಡು ಮುಳುಗಿತು, ಅಂಗೈಯಗಲದ ಗೆಂಡೆ. ಆಮೇಲೆ ಒಂದು ಕುಚ್ಚುಮೀನು. ಪ್ರಕಟಣೆಯಲ್ಲಿ ಆ ವಾರ ನೀರು ಬಿಡುವ ಮಾತಿರಲಿಲ್ಲ. ಆದರೂ ಮೂರು ಗಂಟೆ ದಾಟಿದ ಮೇಲೆ ಹುಡುಗ ಕೂಗಿದ. ಕಲ್ಲಿನ ಬುಡ ನೆನೆದು, ನೀರು ನಾಲ್ಕು ಬೆರಳು ಮೇಲೇರಿತ್ತು. ಏಕೆಂದು ಯಾರಿಗೂ ತಿಳಿಯದು. ನಾವು ದಾರ ಸುತ್ತಿಕೊಂಡು ಮೇಲಿನ ದಂಡೆಗೆ ಬಂದೆವು. ಅಷ್ಟರಲ್ಲಿ ಅಜ್ಜನ ಹರಿಗೋಲು ಆಚೆ ದಡದಿಂದ ಹೊರಟಿತ್ತು; ನಡುಬಂಡೆಯ ಬಳಿ ಸುತ್ತು ಹಾಕಿ, ಅಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಅವರು ತಮ್ಮ ಬಲೆಯ ಕಡೆಗೆ ತಿರುಗಿದರು.