ಹೆಸರಿಲ್ಲದ ತಿದ್ದುಗಾರರು

(ಶ್ರೀಗಂಧದ ಕಾವಲಿನಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ಮಾಡಿದ ಭಾಷಣದ ಪಠ್ಯ)



ಈ ಸಭೆಗೆ ಬರುವಾಗ ಇಲ್ಲಿನ ಹೆಸರಿನ ಬಗ್ಗೆಯೇ ಯೋಚಿಸುತ್ತಿದ್ದೆ. ಶ್ರೀಗಂಧದ ಕಾವಲ್. ‘ಗಂಧ’ದ ಧಕಾರಕ್ಕೆ ಕೆಳಗೊಂದು ಪುಟ್ಟ ಗೆರೆ ಇದೆ. ಅದು ಬಿಟ್ಟುಹೋದರೆ ‘ಗಂದ’. ‘ಕಾವಲ್’ ಎಂದು ಬರೆಯಬೇಕೋ, ‘ಕಾವಲು’ ಎಂದೋ? ಬೋರ್ಡಿನಲ್ಲಿ ಹೇಗೆ ಬರೆದಿದ್ದರೂ ಬಸ್ಸು ಬಂದೇ ಬರುತ್ತದೆ. ಆದರೆ ಇದೇ ಹೆಸರು ಮೂರನೆಯ ತರಗತಿಯ ಪಾಠವೊಂದರಲ್ಲಿ ಬಂತೆನ್ನಿ. ಆಗ ಯಾರಾದರೂ ಒಬ್ಬರು ಕುಳಿತು ತೀರ್ಮಾನಿಸಬೇಕು. ಪಾಠದಲ್ಲಿರುವ ರೂಪವೇ ಅಭ್ಯಾಸದ ಪ್ರಶ್ನೆಯಲ್ಲೂ ಇದೆಯೇ ಎಂದು ನೋಡಬೇಕು. ಹೀಗೆ ನೋಡುವವರೇ ಭಾಷಾ ಪಠ್ಯಪುಸ್ತಕಗಳ ಸಂಪಾದಕೀಯ ಸಹಾಯಕರು. ಇಂದಿನ ನನ್ನ ಮಾತು ಅವರ ಕುರಿತು.

ಈ ಕೆಲಸವೆಂದರೆ ಕಾಗುಣಿತ ತಿದ್ದುವುದಷ್ಟೇ ಎಂದು ಅನೇಕರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ನಮ್ಮ ‘ನಲಿ-ಕಲಿ’ ಪದ್ಧತಿಯನ್ನೇ ನೋಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಗು ಅ, ಆ, ಇ, ಈ ಎಂದು ಸಾಲಾಗಿ ಕಲಿಯುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಅರಸ, ಅಗಸ, ಸರ, ಗರಗಸ ಎಂದು ಓದಿಬಿಡಬಹುದು. ಆದರೆ ಈ ಹಂತದ ಪುಟದಲ್ಲಿ ಪಾಠ ಬರೆದವರು ಮರೆತು ‘ಮರ’ ಎಂದು ಬರೆದರೆ? ದೊಡ್ಡವರ ಕಣ್ಣಿಗೆ ಅದರಲ್ಲಿ ತಪ್ಪೇನೂ ಕಾಣದು. ಮಗುವಾದರೋ ಅಲ್ಲೇ ನಿಂತುಬಿಡುತ್ತದೆ. ‘ಮ’ ಅದಕ್ಕಿನ್ನೂ ಪರಿಚಯವಾಗಿಲ್ಲ. ಆದ್ದರಿಂದ ಕಲಿತ ಅಕ್ಷರಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಪದವನ್ನೂ ತಾಳೆ ನೋಡಬೇಕಾಗುತ್ತದೆ.

ಎರಡನೆಯ ಭಾಷೆಯಾಗಿ ಕನ್ನಡ ಕಲಿಯುವವರ ಪುಸ್ತಕದಲ್ಲಿ ಕಷ್ಟ ಇನ್ನೊಂದು ಬಗೆಯದು. ‘ಕನ್ನಡ ಭಾಷಾ ಕಲಿಕಾ ಅಧಿನಿಯಮ’ 2015ರಲ್ಲಿ ಬಂದಿತು. ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನ ಮಕ್ಕಳು ಬೆಂಗಳೂರಿನ ಶಾಲೆಗಳಲ್ಲಿ ಕನ್ನಡದ ಪುಸ್ತಕ ಹಿಡಿದು ಕೂರುತ್ತಾರೆ. ಅಂಥ ಮಗುವಿನ ಮುಂದೆ ‘ಈ ಕೆಳಕಂಡ ವಾಕ್ಯಗಳನ್ನು ಯಥೋಚಿತವಾಗಿ ಪೂರ್ಣಗೊಳಿಸಿ’ ಎಂದಿಟ್ಟರೆ, ಉತ್ತರ ಗೊತ್ತಿದ್ದರೂ ಪ್ರಶ್ನೆಯೇ ಅರ್ಥವಾಗದು. ‘ಬಿಟ್ಟ ಸ್ಥಳ ತುಂಬಿ’ ಎಂದರೆ ಸಾಕು. ಸೂಚನೆ ಪಾಠಕ್ಕಿಂತ ಸುಲಭವಾಗಿರಬೇಕು.

ಇನ್ನು ಯಂತ್ರದ ಕಾಟ. ಹಿಂದೆ ಮೊಳೆ ಜೋಡಿಸುವಾಗ ಅಕ್ಷರ ತಲೆಕೆಳಗಾಗುತ್ತಿತ್ತು. ಈಗ ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದುದನ್ನು ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರವೋ ಅರ್ಕಾವತ್ತೋ ಜಾಗ ತಪ್ಪುವುದುಂಟು. ಒಮ್ಮೆ ತಿದ್ದಿದ ಪುಟವನ್ನೇ ಮತ್ತೆ ಮೊದಲಿನಿಂದ ಓದಬೇಕು.

ಹೆಸರು ಕಾಣದೆ ಮಕ್ಕಳ ಪುಸ್ತಕಕ್ಕೆ ದುಡಿಯುವುದು ಕನ್ನಡಕ್ಕೆ ಹೊಸದಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಅಲ್ಲಿ ಅಚ್ಚಾದ ಪುಸ್ತಕಗಳ ಹಿಂದೆ ಮೊಳೆ ಜೋಡಿಸಿದವರ, ಕರಡು ಓದಿದವರ ಹೆಸರುಗಳು ಎಷ್ಟು ಉಳಿದಿವೆ? ಅದೇ ಸೀಮೆಯ ಪಂಜೆ ಮಂಗೇಶರಾಯರು (1874-1937) ಶಿಕ್ಷಕರೂ ಶಾಲಾ ತನಿಖಾಧಿಕಾರಿಯೂ ಆಗಿದ್ದವರು. ಮಕ್ಕಳ ಪದ್ಯಗಳನ್ನು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದರು. ನಿಜ ಹೆಸರನ್ನು ಅವರು ತಾವಾಗಿಯೇ ಮರೆಯಲ್ಲಿಟ್ಟರು, ನಾಡು ಅದನ್ನು ಹುಡುಕಿ ಗೌರವಿಸಿತು. ಕರಡು ತಿದ್ದುವವರಿಗೆ ಆ ಭಾಗ್ಯ ಬರಲಿಲ್ಲ.

ಪುಸ್ತಕದಲ್ಲಿ ಒಂದು ಮಾತು ಇರುವುದೂ ಬಿಟ್ಟುಹೋಗುವುದೂ ಎಷ್ಟು ದೊಡ್ಡ ಸಂಗತಿ ಎಂಬುದನ್ನು 2022ರಲ್ಲಿ ಕಂಡೆವು. ಪರಿಷ್ಕೃತ ಸಮಾಜ ವಿಜ್ಞಾನ ಪಠ್ಯದಲ್ಲಿ ಡಾ. ಅಂಬೇಡ್ಕರ್ ಅವರಿಗೆ ಸಲ್ಲುವ ‘ಸಂವಿಧಾನ ಶಿಲ್ಪಿ’ ಎಂಬ ಮಾತು ಇರಲಿಲ್ಲ. ರಾಜ್ಯದಾದ್ಯಂತ ಆಕ್ಷೇಪ ಎದ್ದ ಮೇಲೆ ಸರ್ಕಾರ ತಿದ್ದುಪಡಿ ಹೊರಡಿಸಬೇಕಾಯಿತು. ಅಂಥ ತೀರ್ಮಾನಗಳು ಸಹಾಯಕರ ಕೈಯಲ್ಲಿರುವುದಿಲ್ಲ, ನಿಜ. ಆದರೆ ‘ಇಲ್ಲೊಂದು ಮಾತು ಬಿಟ್ಟುಹೋಗಿದೆಯಲ್ಲ’ ಎಂದು ಅಂಚಿನಲ್ಲಿ ಗುರುತು ಹಾಕುವ ಅವಕಾಶ ಅವರಿಗಿರಬೇಕು. ಆ ಗುರುತನ್ನು ಓದುವ ವ್ಯವಧಾನ ಮೇಲಿನವರಿಗಿರಬೇಕು.

ನಾನು ವರದಿಗಾರ. ನನ್ನ ತಪ್ಪಿಗೆ ಮರುದಿನವೇ ತಿದ್ದುಪಡಿ ಹಾಕಬಹುದು. ಪಠ್ಯಪುಸ್ತಕದ ತಪ್ಪು ಕನಿಷ್ಠ ಒಂದು ವರ್ಷ ಮಗುವಿನ ಚೀಲದಲ್ಲಿರುತ್ತದೆ. ಅಷ್ಟೇ ಅಲ್ಲ, ಅಮ್ಮ ಸರಿಯಾಗಿ ಹೇಳಿಕೊಟ್ಟರೂ ‘ಪುಸ್ತಕದಲ್ಲಿ ಹೀಗೇ ಇದೆ’ ಎಂದು ಮಗು ವಾದಿಸುತ್ತದೆ. ಅಚ್ಚಾದದ್ದರ ಮೇಲೆ ಮಗುವಿಗಿರುವ ಆ ನಂಬಿಕೆಯನ್ನು ಉಳಿಸುವುದೇ ಈ ಉದ್ಯೋಗದ ಹೊಣೆ.

ಕೊನೆಯಲ್ಲಿ ಎರಡು ಕೋರಿಕೆ. ಪ್ರಕಾಶಕರು ತಿದ್ದುವವರಿಗೆ ಸಾಕಷ್ಟು ಕಾಲಾವಕಾಶ ಕೊಡಲಿ. ಅವರ ಹೆಸರನ್ನೂ ಪುಸ್ತಕದಲ್ಲಿ ಅಚ್ಚು ಹಾಕಲಿ. ಹೆಸರು ಹಾಕಿದಾಗ ಗೌರವದ ಜೊತೆಗೆ ಜವಾಬ್ದಾರಿಯೂ ಬರುತ್ತದೆ. ಇನ್ನು ನಾವು ಪೋಷಕರು, ಶಿಕ್ಷಕರು. ತಪ್ಪು ಕಂಡಾಗ ನಕ್ಕು ಸುಮ್ಮನಾಗದೆ, ಪುಟಸಂಖ್ಯೆ ಬರೆದು ಪ್ರಕಾಶಕರಿಗೆ ಒಂದು ಕಾಗದ ಹಾಕೋಣ. ಮುಂದಿನ ಮುದ್ರಣದ ಹೊತ್ತಿಗೆ ಅದು ಯಾರೋ ಒಬ್ಬ ಸಹಾಯಕರ ಮೇಜಿನ ಮೇಲಿದ್ದರೆ ಸಾಕು.